ಸರಾಸರಿ ಎಂದು ಬರೆಸಿದ್ದು ನಾನು

ಆ ಮಾತು ಹೇಳಿದ್ದು ನಾನೇ, ವೈಶಾಲಿ. ನಿನ್ನ ಕೊನೆಯ ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆಯ ದಿನ, ಬೆಳಗಾವಿಯ ಆ ಕಾಲೇಜಿನ ಸೈಕಾಲಜಿ ಲ್ಯಾಬಿನಲ್ಲಿ, ನಿನ್ನ ಮೇಜಿನ ಮೇಲೆ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ — ನಾನೇ ಹೇಳಿದೆ. ಅದೇ ಮಧ್ಯಾಹ್ನ, ಹೊರಗಿನಿಂದ ಬಂದ ಪರೀಕ್ಷಕರ ಎದುರು, ಹೇಳಿಲ್ಲ ಎಂದೆ. ಹತ್ತು ವರ್ಷದ ಮೇಲಾಯಿತು. ಇಷ್ಟು ಬರೆಯುವಷ್ಟರಲ್ಲೇ ಕೈ ತಣ್ಣಗಾಗಿದೆ, ಬಾಯಿ ಒಣಗಿದೆ.

ಕೈ ತಣ್ಣಗಾಗುವುದು, ಬಾಯಿ ಒಣಗುವುದು, ಎದೆ ಹೊಡೆದುಕೊಳ್ಳುವುದು — ಆತಂಕದ ಲಕ್ಷಣಗಳೆಂದು ಇವನ್ನೆಲ್ಲ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ನಿಮಗೆ ಪಾಠ ಮಾಡಿದವಳು ನಾನು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅನ್ನುತ್ತಾರಲ್ಲ, ಅದು ನನಗೆ ಹೇಳಿ ಮಾಡಿಸಿದ ಗಾದೆ. ಹೆದರಿಕೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ, ಆದರೆ ನನ್ನ ಹೆದರಿಕೆ ಒಬ್ಬ ಹುಡುಗಿಯ ಬದುಕಿಗೆ ಏನು ಮಾಡಿತು ಎಂದು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಪರೀಕ್ಷೆ ಹೇಗೆ ನಡೆಯುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ಆದರೆ ಇದನ್ನು ನಿನ್ನೊಬ್ಬಳಿಗೇ ಬರೆಯುತ್ತಿಲ್ಲ. ನಿನ್ನ ಮನೆಯವರು ಕೇಳಬೇಕು, ಸೈಕಾಲಜಿಯ ಗಂಧಗಾಳಿ ಇಲ್ಲದವರು ಕೇಳಿದರೂ ಅವರಿಗೆ ತಿಳಿಯಬೇಕು. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಥಿಯರಿ ಪರೀಕ್ಷೆ ಎಲ್ಲ ವಿಷಯಗಳಲ್ಲಿ ಇದ್ದಂತೆಯೇ. ಸಣ್ಣ ಪ್ರಶ್ನೆ, ಟಿಪ್ಪಣಿ, ದೊಡ್ಡ ಉತ್ತರ. ಉತ್ತರಪತ್ರಿಕೆಯ ಮೇಲಿನ ನಂಬರ್ ಮುಚ್ಚಿ ಬೇರೊಂದು ಗುರುತು ಹಾಕಿ ಕಳಿಸುತ್ತಾರೆ. ತಿದ್ದುವವರಿಗೆ ಅದು ಯಾರದೆಂದು ಗೊತ್ತಾಗುವುದಿಲ್ಲ, ಬರೆದವರಿಗೆ ತಿದ್ದಿದವರು ಯಾರೆಂದು ಗೊತ್ತಾಗುವುದಿಲ್ಲ. ಅಂಕ ಕಡಿಮೆ ಬಂತು ಅನಿಸಿದರೆ ಮರುಮೌಲ್ಯಮಾಪನಕ್ಕೆ ಹಾಕಬಹುದು. ಪ್ರಾಕ್ಟಿಕಲ್ ಹಾಗಲ್ಲ. ಅಲ್ಲಿ ಇಬ್ಬರು ಪರೀಕ್ಷಕರು ಎದುರಿಗೇ ಕೂರುತ್ತಾರೆ. ಒಬ್ಬರು ಅದೇ ಕಾಲೇಜಿನವರು, ಇಂಟರ್ನಲ್. ಇನ್ನೊಬ್ಬರು ಹೊರಗಿನಿಂದ ಬಂದವರು, ಎಕ್ಸ್‌ಟರ್ನಲ್. ಚೀಟಿ ಎತ್ತಿ ಬಂದ ಪ್ರಯೋಗವನ್ನು ವಿದ್ಯಾರ್ಥಿ ಅಲ್ಲೇ ಮಾಡಿ ತೋರಿಸಬೇಕು. ಯೋಜನೆ ಬರೆದದ್ದಕ್ಕೆ ಇಷ್ಟು ಅಂಕ, ಪ್ರಯೋಗ ನಡೆಸಿದ್ದಕ್ಕೆ ಇಷ್ಟು, ಫಲಿತಾಂಶ ಮತ್ತು ಚರ್ಚೆಗೆ ಇಷ್ಟು, ವೈವಾ ಎನ್ನುವ ಬಾಯಿಪರೀಕ್ಷೆಗೆ ಇಷ್ಟು. ಸಂಜೆಯೊಳಗೆ ಇಬ್ಬರೂ ಸಹಿ ಮಾಡಿ ಲಕೋಟೆಗೆ ಸೀಲು ಹಾಕುತ್ತಾರೆ. ಅದಕ್ಕೆ ಮರುಮೌಲ್ಯಮಾಪನ ಇಲ್ಲ. ಥಿಯರಿಯಲ್ಲಿ ಎಷ್ಟೇ ಬಂದಿರಲಿ, ಪ್ರಾಕ್ಟಿಕಲ್ಲಿನಲ್ಲಿ ಬೇರೆಯಾಗಿಯೇ ಪಾಸಾಗಬೇಕು. ಹೋಯಿತೆಂದರೆ ಒಂದು ವರ್ಷ ಹೋಯಿತು.

ಕೆಮಿಸ್ಟ್ರಿಯವರಿಗೆ ಪ್ರಯೋಗಕ್ಕೆ ಆಸಿಡ್ ಸಿಗುತ್ತದೆ, ಝೂವಾಲಜಿಯವರಿಗೆ ಜಿರಲೆ ಸಿಗುತ್ತದೆ. ನಮ್ಮಲ್ಲಿ ಪ್ರಯೋಗ ನಡೆಯುವುದು ಮನುಷ್ಯರ ಮೇಲೆ. ಪ್ರತಿ ವಿದ್ಯಾರ್ಥಿಯೂ ತನ್ನ ಜೊತೆ ಒಬ್ಬರನ್ನು ಕರೆದುಕೊಂಡು ಬರಬೇಕು. ಅವರನ್ನು ನಾವು ಸಬ್ಜೆಕ್ಟ್ ಎನ್ನುತ್ತೇವೆ. ಹಾಸ್ಟೆಲಿನ ಗೆಳತಿ, ಚಿಕ್ಕಪ್ಪನ ಮಗಳು, ಪಕ್ಕದ ಮನೆಯವರು — ಯಾರಾದರೂ ಸರಿ. ಇಲ್ಲಿ ಒಂದು ಗುಟ್ಟಿದೆ, ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಗುಟ್ಟು. ಸಬ್ಜೆಕ್ಟಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಏನು ಕೇಳಿದರೂ ‘ಕೆಲವೊಮ್ಮೆ’ ಅನ್ನು ಎಂದು. ಆಗ ಸ್ಕೋರು ನಡುವೆ ಬಂದು ಕೂರುತ್ತದೆ. ಸರಾಸರಿ ಸ್ಕೋರಿಗೆ ಬರೆಯಬೇಕಾದ ಚರ್ಚೆ ಎಲ್ಲರಿಗೂ ಬಾಯಿಪಾಠ. “ಆವರೇಜ್ ಬಂದ್ರ ಆರಾಮ ನೋಡ್ರಿ, ವೈವಾದಾಗ ಯಾರೂ ಕೆದಕೂದಿಲ್ಲ” — ಇದನ್ನು ಕ್ಲಾಸಿನಲ್ಲಿ ನಾನೇ ನಗುತ್ತ ಹೇಳಿದ್ದೆ. ನೀವೆಲ್ಲ ನಕ್ಕಿದ್ದಿರಿ. ನೀನು ನಕ್ಕಿದ್ದೆಯೋ ಇಲ್ಲವೋ ನೆನಪಿಲ್ಲ.

ಆ ವರ್ಷ ನಾನು ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಜೂನ್ ಬಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಬಾಗಿಲು ನೋಡುತ್ತ ಕೂರುವ ಅತಿಥಿ. ನಮ್ಮ ವಿಭಾಗದ ಮುಖ್ಯಸ್ಥರು ಬೇರೆ ಊರಿಗೆ ಪರೀಕ್ಷಕರಾಗಿ ಹೋಗಿದ್ದರಿಂದ ಇಂಟರ್ನಲ್ ಕೆಲಸ ಮೊದಲ ಬಾರಿಗೆ ನನ್ನ ಮೇಲೆ ಬಿತ್ತು. ಹೋಗುವಾಗ ಅವರು ಒಂದೇ ಮಾತು ಹೇಳಿದ್ದರು. “ಎಕ್ಸ್‌ಟರ್ನಲ್ ಭಾಳ ಕಡಕ್ ಮನಷ್ಯಾ ಅದಾರ. ನಮ್ಮ ಹೆಸರ ಕೆಡಸಬ್ಯಾಡ್ರಿ.” ಆ ಮಾತು ಕೇಳಿದ ಮೇಲೆ ಪರೀಕ್ಷೆಯ ದಿನದವರೆಗೂ ನನಗೆ ಊಟ ಸರಿಯಾಗಿ ಸೇರಲಿಲ್ಲ. ಯಾವ ಹುಡುಗಿ ಏನು ತಪ್ಪು ಮಾಡಿ ನನ್ನ ತಲೆಗೆ ತರುತ್ತಾಳೋ ಎನ್ನುವುದೊಂದೇ ಯೋಚನೆ. ತಪ್ಪು ನಾನೇ ಮಾಡಬಹುದು ಎಂದು ಒಮ್ಮೆಯೂ ಅನಿಸಲಿಲ್ಲ.

ನೀನು ಬೆಳಿಗ್ಗೆ ಖಾನಾಪುರದಿಂದ ರೈಲಿಗೆ ಬಂದಿದ್ದೆ. ಸಬ್ಜೆಕ್ಟಾಗಿ ಬರಬೇಕಿದ್ದ ನಿನ್ನ ಗೆಳತಿಗೆ ಜ್ವರ. ಅದಕ್ಕೇ ಕೊನೆಯ ಗಳಿಗೆಯಲ್ಲಿ ನಿನ್ನ ಅಣ್ಣನ ಹೆಂಡತಿಯನ್ನು, ಸುರೇಖಾ ವಹಿನಿಯನ್ನು ಕರೆತಂದಿದ್ದೆ. ದೇಸೂರಿನ ಹೆಣ್ಣುಮಗಳು. ಮದುವೆಗೆ ಉಡುವಂಥ ಸೀರೆ ಉಟ್ಟುಕೊಂಡು ಬಂದಿದ್ದಳು. ಕಾಲೇಜಿನ ಮೆಟ್ಟಿಲನ್ನು ಅದೇ ಮೊದಲ ಸಲ ಹತ್ತಿದ್ದಳಂತೆ. ನೀನು ಹೆಮ್ಮೆಯಿಂದ ಅವಳನ್ನು ನನಗೆ ಪರಿಚಯಿಸಿದೆ. “ನಮ್ಮ ವಹಿನಿ ರೀ ಮೇಡಂ. ಈಕಿಗೆ ಏನೂ ಹೇಳಿಕೊಟ್ಟಿಲ್ರಿ, ಟೈಮ ಸಿಗಲಿಲ್ಲ” ಎಂದೆ. ಪಾಸಾದರೆ ಧಾರವಾಡದಲ್ಲಿ ಎಂ.ಎ. ಮಾಡುವುದಕ್ಕೆ ಅಣ್ಣ ಒಪ್ಪಿದ್ದಾನೆ, ಫೇಲಾದರೆ ಓದು ಸಾಕು ಎಂದಿದ್ದಾನೆ — ಅದನ್ನೂ ನೀನು ನನಗೆ ಹೇಳಿದ್ದೆ. ನಾನು ಗೊತ್ತಿದ್ದೂ ಮಾಡಿದೆ ಎಂದು ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ಚೀಟಿಯಲ್ಲಿ ನಿನಗೆ ಬಂದದ್ದು ಆತಂಕದ ಪರೀಕ್ಷೆ. ರಾತ್ರಿ ನಿದ್ದೆ ಬರುವುದಿಲ್ಲವೇ, ಕಾರಣವಿಲ್ಲದೆ ಹೆದರಿಕೆಯಾಗುತ್ತದೆಯೇ, ಮನೆಯಲ್ಲಿ ಒಬ್ಬರೇ ಇರಲು ಭಯವೇ — ಇಂಥ ಪ್ರಶ್ನೆಗಳು. ಎಂದೂ ಇಲ್ಲ, ಕೆಲವೊಮ್ಮೆ, ಯಾವಾಗಲೂ. ಮೂರರಲ್ಲಿ ಒಂದಕ್ಕೆ ಪೆನ್ಸಿಲಿನಿಂದ ಗುರುತು ಹಾಕಬೇಕು. ನೀನು ಒಂದೊಂದೇ ಪ್ರಶ್ನೆಯನ್ನು ಮರಾಠಿಯಲ್ಲಿ ಹೇಳಿ ಕೇಳುತ್ತಿದ್ದೆ. ಪ್ಲೈವುಡ್ಡಿನ ಅಡ್ಡಗೋಡೆಯ ಆಚೆಯಿಂದ ನಿನ್ನ ದನಿ ನನಗೆ ಕೇಳುತ್ತಿತ್ತು. ವಹಿನಿಯ ದನಿಯೂ ಕೇಳುತ್ತಿತ್ತು. ನೇಹಮೀ. ನೇಹಮೀ. ಯಾವಾಗಲೂ, ಯಾವಾಗಲೂ. ಅದು ನನ್ನ ಕಿವಿಗೆ ಬಿದ್ದಿತ್ತು, ವೈಶಾಲಿ. ನೀನು ಕರೆಯುವ ಮೊದಲೇ ನನಗೆ ಗೊತ್ತಿತ್ತು.

ಆಮೇಲೆ ನೀನು ಕರೆದೆ. “ಮೇಡಂ, ಸ್ಕೋರ್ ಭಾಳ ಬಂದೈತ್ರಿ. ತಿರಗಾ ಕೂಡಿಸಿ ನೋಡಿದೆ, ಅಷ್ಟ ಬರ್ತೈತಿ” ಎಂದೆ. ಆಮೇಲೆ ದನಿ ಇಳಿಸಿ, “ವಹಿನಿ ಹಿಂಗ ಅದಾಳಂತ ಮನ್ಯಾಗ ಯಾರಿಗೂ ಗೊತ್ತಿಲ್ರೀ. ನಾ ಈಗ ಏನ್ ಮಾಡ್ಲಿ?”

ಎಷ್ಟು ಸರಿಯಾದ ಪ್ರಶ್ನೆ. ಮೂರು ವರ್ಷ ನಿಮಗೆ ಕಲಿಸಿದ್ದೆಲ್ಲ ಆ ಪ್ರಶ್ನೆ ಕೇಳಲಿ ಎಂದೇ ಅಲ್ಲವೇ? ನಾನು ವಹಿನಿಯ ಕಡೆ ನೋಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮೇಜಿನ ಮೇಲಿದ್ದ ಗಡಿಯಾರವನ್ನು ನೋಡುತ್ತ ಕೂತಿದ್ದಳು. ಅವಳ ಜೊತೆ ಒಂದು ಮಾತಾಡಲಿಲ್ಲ. ಬಾಗಿಲ ಕಡೆ ನೋಡಿದೆ. ಎಕ್ಸ್‌ಟರ್ನಲ್ ಸರ್ ಮೊದಲನೆಯ ಕ್ಯಾಬಿನ್ನಿನಿಂದ ಒಬ್ಬೊಬ್ಬರನ್ನೇ ನೋಡಿಕೊಂಡು ಬರುತ್ತಿದ್ದರು. ಇಷ್ಟು ದೊಡ್ಡ ಸ್ಕೋರು ಕಂಡರೆ ಕೇಳುತ್ತಾರೆ. ನಿನ್ನನ್ನು ಕೇಳುತ್ತಾರೆ, ನೀನು ತಡವರಿಸುತ್ತೀ, ಆಮೇಲೆ ನನ್ನನ್ನು ಕೇಳುತ್ತಾರೆ — ಇಂಥ ಸ್ಕೋರು ಬಂದರೆ ಏನು ಮಾಡಬೇಕೆಂದು ಕಲಿಸಿಲ್ಲವೇ ಎಂದು. ನಿಜ ಹೇಳಬೇಕೆಂದರೆ, ಕಲಿಸಿರಲಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಲ್ಯಾಬಿನಲ್ಲಿ ಅಂಥ ಸ್ಕೋರು ಬಂದೇ ಇರಲಿಲ್ಲವಲ್ಲ. ಬರದ ಹಾಗೆ ನಾವೇ ನೋಡಿಕೊಂಡಿದ್ದೆವು.

ನಾನು ನಿನ್ನ ಕಿವಿಯ ಹತ್ತಿರ ಬಾಗಿ ಹೇಳಿದ್ದು ಇಷ್ಟು. “ತಿದ್ದು. ಆವರೇಜಿಗೆ ತಂದು ಬರಿ. ಇದು ಪರೀಕ್ಷಾ ಐತಿ, ದವಾಖಾನಿ ಅಲ್ಲ.”

“ಆಕಿ ಖರೇ ಹೇಳ್ಯಾಳಲ್ರೀ ಮೇಡಂ…” ಎಂದೆ ನೀನು.

“ಲಗೂ ತಿದ್ದು” ಎಂದೆ. ಹಿಂದೆ ತಿರುಗಿ ನೋಡದೆ ಮುಂದಿನ ಕ್ಯಾಬಿನ್ನಿಗೆ ಹೋದೆ. ರಬ್ಬರ್ ಉಜ್ಜುವ ಸದ್ದು ಬೆನ್ನಿಗೆ ಕೇಳಿಸಿತು, ನನಗೆ ಸಮಾಧಾನವಾಯಿತು. ಹೌದು, ಸಮಾಧಾನ. ಅದನ್ನೂ ಮುಚ್ಚಿಡುವುದಿಲ್ಲ.

ಸರ್ ನಿನ್ನ ಮೇಜಿಗೆ ಬಂದಾಗ ಎಲ್ಲ ಸರಿಯಾಗಿಯೇ ಇತ್ತು. ಸರಾಸರಿ ಸ್ಕೋರು, ಸರಾಸರಿ ಚರ್ಚೆ. ತಲೆಯಾಡಿಸಿ ಮುಂದೆ ಹೋದರು. ಊಟಕ್ಕೆ ಅವರಿಗೆಂದು ನಮ್ಮ ಮನೆಯಿಂದಲೇ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ತಂದಿದ್ದೆ. “ಅಡಗಿ ಛಲೋ ಅದ ಮೇಡಂ” ಎಂದರು. ಗೆದ್ದೆ ಅಂದುಕೊಂಡೆ. ಮುಂದಿನ ವರ್ಷವೂ ಕೆಲಸ ಉಳಿಯಿತು ಅಂದುಕೊಂಡೆ.

ಆದರೆ ಆ ಸರ್‌ಗೆ ಒಂದು ಅಭ್ಯಾಸವಿತ್ತು. ನಮ್ಮಲ್ಲಿ ಬೇರೆ ಯಾರಿಗೂ ಇಲ್ಲದ ಅಭ್ಯಾಸ. ವೈವಾದಲ್ಲಿ ವಿದ್ಯಾರ್ಥಿಯ ಜೊತೆ ಸಬ್ಜೆಕ್ಟನ್ನೂ ಒಳಗೆ ಕರೆಯುತ್ತಿದ್ದರು. ಕೂರಿಸಿ, ನೀರು ಕೊಟ್ಟು, ನಿಮಗೆ ಹೇಗನಿಸಿತು ಎಂದು ಕೇಳುತ್ತಿದ್ದರು. ನಿನ್ನ ಸರದಿಗೆ ವಹಿನಿಯೂ ಒಳಗೆ ಬಂದಳು. ಸರ್ ಅವಳ ಜೊತೆ ಮರಾಠಿಯಲ್ಲೇ ಮಾತಾಡಿದರು. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಛಲೋ ಅನಿಸಿತು ಸರ್. ಇಷ್ಟು ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ” ಎಂದಳು. ಆಮೇಲೆ, “ಎಲ್ಲದಕ್ಕೂ ಯಾವಾಗಲೂ ಅಂತಲೇ ಹೇಳಿದೆ. ಏನು ಮಾಡಲಿ, ಹೊಟ್ಟೆಯಲ್ಲಿದ್ದ ಕೂಸು ಹೋದಾಗಿನಿಂದ ಯಾವಾಗಲೂ ಹಾಗೇ ಆಗುತ್ತದೆ. ಮನೆಯಲ್ಲಿ ಎಲ್ಲರೂ ಹೊರಗೆ ಹೋದರೆ ಬಾಗಿಲು ಹಾಕಿಕೊಂಡು ಮೂಲೆಯಲ್ಲಿ ಕೂರುತ್ತೇನೆ.”

ಸರ್ ನಿನ್ನ ಹಾಳೆಯನ್ನು ನೋಡಿದರು. ಎತ್ತಿ ಬೆಳಕಿಗೆ ಹಿಡಿದರು. ಪೆನ್ಸಿಲನ್ನು ಎಷ್ಟು ಉಜ್ಜಿದರೂ ಒತ್ತಿದ ಗುರುತು ಹೋಗುವುದಿಲ್ಲ. “ತಂಗೀ, ಆಕಿ ಹೇಳಿದ್ದು ಒಂದು, ಇಲ್ಲೆ ಇರೂದು ಒಂದು. ಯಾಕ?” ಎಂದರು. ಸಿಟ್ಟಿನಿಂದಲ್ಲ, ಮೆತ್ತಗೇ ಕೇಳಿದರು.

ನೀನು ನನ್ನ ಕಡೆ ನೋಡಿದೆ. ನಾನು ಮೇಜಿನ ಕಡೆ ನೋಡಿದೆ. “ಮೇಡಂ ತಿದ್ದು ಅಂದ್ರು ಸರ್” ಎಂದೆ ನೀನು.

“ಏನ್ರೀ ಮೇಡಂ?”

ಆಗ ನನ್ನ ಎದುರು ಎರಡು ದಾರಿ ಇದ್ದವು ಎಂದೆಲ್ಲ ಈಗ ಬರೆಯಬಹುದು. ಆ ಹೊತ್ತಿಗೆ ಯಾವ ದಾರಿಯೂ ಕಾಣಲಿಲ್ಲ — ಜೂನಿನಲ್ಲಿ ಇನ್ನು ನನ್ನನ್ನು ಕರೆಯುವುದಿಲ್ಲ ಎನ್ನುವ ಹೆದರಿಕೆ ಒಂದೇ ಇತ್ತು. ಮಾತು ತಾನಾಗಿ ಬಂತು ಅನ್ನಬೇಕು ಎನಿಸುತ್ತದೆ. ಅನ್ನುವುದಿಲ್ಲ. ಮಾತು ತಾನಾಗಿ ಬರುವುದಿಲ್ಲ, ನಾನೇ ಆಡಿದೆ.

“ಇಲ್ರೀ ಸರ್. ನಾ ಯಾಕ ಹಂಗ ಹೇಳ್ತೀನ್ರಿ? ಹುಡುಗಿ ಹೆದರ್ಯಾಳ, ಏನೋ ಮಾತಾಡಾಕತ್ಯಾಳ.”

ಅಲ್ಲಿಗೇ ನಿಲ್ಲಿಸಿದ್ದರೆ ಬರೀ ಸುಳ್ಳಾಗುತ್ತಿತ್ತು. ನಾನು ನಿನ್ನ ಕಡೆ ತಿರುಗಿದೆ. ಕ್ಲಾಸಿನಲ್ಲಿ ಉತ್ತರ ಮರೆತವರಿಗೆ ಧೈರ್ಯ ತುಂಬುತ್ತೇನಲ್ಲ, ಅದೇ ದನಿಯಲ್ಲಿ, ಅಷ್ಟೇ ಪ್ರೀತಿಯಿಂದ ಹೇಳಿದೆ. “ನಾ ಯಾವಾಗ ಹಂಗ ಅಂದೆ ವೈಶಾಲಿ? ನೀನ ಮನಸಿನ್ಯಾಗ ಅನ್ಕೊಂಡಿರಬೇಕು. ಶಾಂತ ಆಗಿ ನೆನಪ ಮಾಡ್ಕೊ ನೋಡೂಣು.”

ನಿನ್ನ ಬಾಯಿ ತೆರೆಯಿತು. “ನೀವ…” ಎಂದೆ. ಅಷ್ಟೇ. ಆಮೇಲೆ ನಿನ್ನ ಕಣ್ಣಿನಲ್ಲಿ ಒಂದು ಅನುಮಾನ ಬಂತು. ನನ್ನ ಮೇಲಲ್ಲ — ನಿನ್ನ ಮೇಲೆಯೇ ನಿನಗೆ. ಅದನ್ನು ನಾನು ಕಂಡೆ. ಕಂಡು ಬಚಾವಾದೆ ಅಂದುಕೊಂಡೆ. ಆಮೇಲೆ ಸರ್ ಕೇಳಿದ ಯಾವ ಪ್ರಶ್ನೆಗೂ ನೀನು ಉತ್ತರ ಕೊಡಲಿಲ್ಲ.

ಸಂಜೆ ಸರ್ ಅಂಕ ಹಾಕಲು ಕೂತರು. ಯೋಜನೆಗೆ ಕೊಟ್ಟರು, ವರ್ಷವಿಡೀ ಬರೆದ ರೆಕಾರ್ಡ್ ಪುಸ್ತಕಕ್ಕೆ ಕೊಟ್ಟರು. ಪ್ರಯೋಗ ನಡೆಸಿದ್ದಕ್ಕೆ, ಫಲಿತಾಂಶಕ್ಕೆ, ಚರ್ಚೆಗೆ ಸೊನ್ನೆ. ವೈವಾಕ್ಕೂ ಸೊನ್ನೆ. “ನಂಗೂ ಛಲೋ ಅನಸೂದಿಲ್ಲ ಮೇಡಂ. ಆದ್ರ ಇನ್ನೊಬ್ರ ಸಂಕಟಾ ಒರಸಿ ಹಾಕಿದಾಕಿಗೆ ಹೆಂಗ ಪಾಸ್ ಮಾಡ್ಲಿ?” ಎಂದರು. ನಾನು ಸಹಿ ಮಾಡಿದೆ. ಒರೆಸಿ ಹಾಕಿದವಳು ಅವರ ಪಕ್ಕದಲ್ಲೇ ಕೂತು ಸಹಿ ಮಾಡಿದಳು, ಲಕೋಟೆಗೆ ಅಂಟು ಹಚ್ಚಿದಳು.

ಏಳುವಾಗ ಅವರು ಇನ್ನೊಂದು ಮಾತು ಹೇಳಿದರು. “ಆ ಹೆಣ್ಮಗಳನ್ನ ಹಂಗ ಕಳಸಬ್ಯಾಡ್ರಿ. ಜೋಡಿ ಕುಂತು ಮಾತಾಡ್ರಿ, ಡಾಕ್ಟರ್ ಕಡೆ ಕಳಸ್ರಿ.” ಆಗಲಿ ಸರ್ ಎಂದೆ. ಹೊರಗೆ ಬಂದಾಗ ನೀವಿಬ್ಬರೂ ಗೇಟಿನ ಹತ್ತಿರ ಇದ್ದಿರಿ. ನೀನು ಅಳುತ್ತಿದ್ದೆ, ವಹಿನಿ ತನ್ನ ಸೆರಗಿನಿಂದ ನಿನ್ನ ಮುಖ ಒರೆಸುತ್ತಿದ್ದಳು. ಕೂಗಿದ್ದರೆ ಕೇಳುವಷ್ಟು ಹತ್ತಿರ. ಕೂಗಲಿಲ್ಲ. ಅವಳನ್ನು ಕೂರಿಸಿಕೊಂಡರೆ ನೀನೂ ಪಕ್ಕದಲ್ಲಿ ಕೂರುತ್ತೀ, ನಿನ್ನ ಮುಖ ನೋಡಬೇಕಾಗುತ್ತದೆ — ಆ ಹೆದರಿಕೆಗೆ ನಾನು ಕಂಬದ ಮರೆಗೆ ಸರಿದು ನಿಂತೆ. ನೀವು ಸ್ಟೇಷನ್ನಿನ ಕಡೆ ಹೋದಿರಿ.

ಆಮೇಲೆ ಎಷ್ಟೋ ದಿನ ನಾನು ಪೇಪರ್ ಓದುತ್ತಿದ್ದ ರೀತಿಯೇ ಬೇರೆ. ಮೊದಲು ಜಿಲ್ಲೆಯ ಸುದ್ದಿಯ ಪುಟ. ಅದರಲ್ಲಿ ಖಾನಾಪುರ ಎಂದು ಕಂಡರೆ ಉಸಿರು ಹಿಡಿದು ಓದುತ್ತಿದ್ದೆ. ಬಾವಿ, ಹಳಿ, ವಿಷ ಎನ್ನುವ ಪದ ಕಂಡರೆ ಪೇಪರ್ ಮಡಿಚಿಡುತ್ತಿದ್ದೆ, ಮತ್ತೆ ತೆರೆಯುತ್ತಿದ್ದೆ. ವಹಿನಿಯ ಹೆಸರು ಬರಲಿಲ್ಲ. ಪೇಪರಿನಲ್ಲಿ ಬರದಿದ್ದರೆ ಆಗಿಲ್ಲ ಎಂದರ್ಥವೇ? ಯಾರನ್ನಾದರೂ ಕೇಳಬಹುದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಎದುರು ಯಾರಾದರೂ ಖಾನಾಪುರದ ಮಾತೆತ್ತಿದರೆ ಸಾಕು, ನಾನು ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದೆ. ನಿನ್ನ ಅಣ್ಣ ಒಂದು ದಿನ ಕಾಲೇಜಿಗೆ ಬಂದೇ ಬರುತ್ತಾನೆ, ಪ್ರಿನ್ಸಿಪಾಲರ ಮುಂದೆ ನನ್ನ ಹೆಸರು ಹಿಡಿದು ಕೇಳುತ್ತಾನೆ ಎಂದು ಕಾದೆ. ಯಾರೂ ಬರಲಿಲ್ಲ. ಮರುವರ್ಷ ಮತ್ತೆ ಪರೀಕ್ಷೆ ಕಟ್ಟಿದವರ ಪೈಕಿ ನೀನೂ ಇರಲಿಲ್ಲ. ಜೂನಿನಲ್ಲಿ ನನ್ನನ್ನು ಮತ್ತೆ ಕರೆದರು. ಕೆಲವು ವರ್ಷಕ್ಕೆ ಬೇರೊಂದು ಕಾಲೇಜಿನಲ್ಲಿ ಕಾಯಂ ಆಯಿತು. ರಾಮತೀರ್ಥ ನಗರದಲ್ಲಿ ಮನೆಯಾಯಿತು. ಹೆದರಿಕೆ ಹಳತಾಯಿತು, ಹೋಗಲಿಲ್ಲ.

ಮೊನ್ನೆ ಖಾನಾಪುರಕ್ಕೆ ನಾನು ಎಕ್ಸ್‌ಟರ್ನಲ್ ಆಗಿ ಬಂದೆ. ಬರುವುದಿಲ್ಲ ಎನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ. ಇಷ್ಟು ವರ್ಷದ ಮೇಲೆ ಯಾರಿರುತ್ತಾರೆ ಎಂದು ಧೈರ್ಯ ತಂದುಕೊಂಡು ಕ್ಯಾಬಿನ್ನುಗಳನ್ನು ನೋಡುತ್ತ ಬಂದೆ. ಒಂದರಲ್ಲಿ ಒಬ್ಬ ಹುಡುಗಿ ನೆನಪಿನ ಶಕ್ತಿಯ ಪ್ರಯೋಗ ಮಾಡುತ್ತಿದ್ದಳು. ಪದಗಳ ಸಾಲು ಓದಿ ಹೇಳುವುದು, ಸಬ್ಜೆಕ್ಟ್ ಅದನ್ನು ನೆನಪಿನಿಂದ ತಿರುಗಿ ಹೇಳುವುದು. ಎದುರಿಗೆ ಕೂತಿದ್ದವಳು ನೀನು.

ನಿನ್ನನ್ನು ಗುರುತಿಸುವ ಮೊದಲು ನಿನ್ನ ಮಾತು ಕೇಳಿತು. “ನನ್ನ ನೆನಪ ಬರೋಬರಿ ಇಲ್ಲವಾ, ನನ್ನ ಕಾಲಾಗ ನಿನ್ನ ಮಾರ್ಕ್ಸ್ ಹೋದಾವು” ಎನ್ನುತ್ತಿದ್ದೆ ಆ ಹುಡುಗಿಗೆ. ಆಮೇಲೆ ನೀನು ತಲೆ ಎತ್ತಿದೆ. ಓಡಿ ಹೋಗಬೇಕು ಅನಿಸಿತು, ಖರೇ ಹೇಳುತ್ತೇನೆ. ಈಗ ಎದ್ದು ನಿಲ್ಲುತ್ತಾಳೆ, ಈ ಹುಡುಗಿಯರ ಮುಂದೆ, ಆ ಇಂಟರ್ನಲ್ ಮುಂದೆ ಹೇಳುತ್ತಾಳೆ. ಹೇಳಿದರೆ ನಾನು ಏನೆನ್ನಲಿ ಎಂದು ನನ್ನ ತಲೆ ಆಗಲೇ ಉತ್ತರ ಕಟ್ಟತೊಡಗಿತ್ತು. ನಾಚಿಕೆಗೇಡು ನೋಡು — ಇಷ್ಟು ವರ್ಷದ ಮೇಲೂ ಮೊದಲು ಸಿದ್ಧವಾದದ್ದು ಸುಳ್ಳು.

ನೀನು ಏನೂ ಹೇಳಲಿಲ್ಲ. ಪದಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ತಪ್ಪಿಲ್ಲದೆ ಹೇಳಿದೆ. ಆ ಹುಡುಗಿಯ ಹಾಳೆಗೆ ನಾನೇ ಅಂಕ ಹಾಕಿದೆ. ಆ ದಿನ ಬಂದಿದ್ದ ನೆನಪಿನ ಸ್ಕೋರುಗಳಲ್ಲಿ ನಿನ್ನದೇ ಎಲ್ಲಕ್ಕಿಂತ ಹೆಚ್ಚು.

ಪರೀಕ್ಷೆ ಮುಗಿದ ಮೇಲೆ ನೀನು ವರಾಂಡದಲ್ಲಿ ನನಗಾಗಿ ಕಾಯುತ್ತ ನಿಂತಿದ್ದೆ. ಲೋಂಡಾಕ್ಕೆ ಕೊಟ್ಟಿದ್ದಾರೆ, ಮನೆಯವರು ರೈಲ್ವೆಯಲ್ಲಿದ್ದಾರೆ, ತವರಿಗೆ ಬಂದಾಗ ಪಕ್ಕದ ಮನೆಯ ಹುಡುಗಿ ಸಬ್ಜೆಕ್ಟಾಗಿ ಬಾ ಎಂದು ಎಳೆದುಕೊಂಡು ಬಂದಳು ಎಂದೆ. ವಹಿನಿ ಹೇಗಿದ್ದಾಳೆ ಎಂದು ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ನೀನೇ ಹೇಳಿದೆ. “ವಹಿನಿ ಈಗ ಆರಾಮ ಅದಾಳ್ರಿ. ನಾನ ಆಕಿನ್ನ ದವಾಖಾನಿಗೆ ಕರಕೊಂಡ ಹೋಗಿ ತೋರಸಿದೆ. ವರ್ಷಾತನಾ ಹೋಗಬೇಕಾತು.” ನನ್ನ ಎದೆಯಿಂದ ಒಂದು ಭಾರ ಇಳಿಯಿತು, ಇಳಿದದ್ದಕ್ಕೆ ನಾಚಿಕೆಯೂ ಆಯಿತು. ಆಮೇಲೆ ನೀನು ಹೇಳಿದ್ದು ಇದು.

“ಮೇಡಂ, ಭಾಳ ದಿವಸದಿಂದ ನಿಮ್ಮನ್ನ ಭೆಟ್ಟಿ ಆಗಬೇಕಂತ ಇದ್ದೆ ರೀ. ಆವತ್ತ ಸರ್ ಮುಂದ ನಿಮ್ಮ ಮ್ಯಾಲ ಸುಳ್ಳ ಹಾಕಿದೆ. ಮಾಫ ಮಾಡ್ರಿ. ನೀವು ಹಂಗ ಅನ್ನೂ ಪೈಕಿ ಅಲ್ಲ. ಹೆದರಿಕ್ಯಾಗ ನಾನ ಮನಸಿನ್ಯಾಗ ಹುಟ್ಟಿಸಿಕೊಂಡೆ ಅನಸ್ತೈತಿ.”

ನೀನು ನೆಲ ನೋಡುತ್ತ ಮಾತು ಮುಂದುವರಿಸಿದೆ. “ಅದರ ಮ್ಯಾಲ ನಾ ಯಾವ ಮಾತಿಗೂ ಗ್ಯಾರಂಟಿ ಕೊಡೂದಿಲ್ರಿ. ಮನ್ಯಾಗ ನೀ ಹಿಂಗ ಅಂದಿ, ಹಂಗ ಮಾಡಿದಿ ಅಂತ ಅಂದ್ರ, ಹೂಂ ಅಂತೀನಿ. ಇಲ್ಲಾ ಅನ್ನಾಕ ಧೈರ್ಯ ಆಗೂದಿಲ್ಲ. ನನ್ನ ತಲಿನ ಹಂಗೈತಿ ಅಂತ ನಮ್ಮ ಅತ್ತಿನೂ ಅಂತಾರ.”

ನಾನು ಆಗ ಹೇಳಬೇಕಿತ್ತು. ವರಾಂಡದಲ್ಲಿ ಇದ್ದವರು ನಾವಿಬ್ಬರೇ. ಕೆಲಸ ಕಾಯಂ ಇತ್ತು, ಸರ್ ಇರಲಿಲ್ಲ, ಹೆದರುವುದಕ್ಕೆ ಒಂದೂ ಕಾರಣವಿರಲಿಲ್ಲ. “ಇರ್ಲಿ ಬಿಡವಾ, ಮುಗದ ಮಾತು” ಎಂದೆ. ನೀನು ಬಾಗಿ ನನ್ನ ಕಾಲು ಮುಟ್ಟಿದೆ. ನಾನು ಮುಟ್ಟಿಸಿಕೊಂಡೆ. ನಿನ್ನ ತಲೆಯ ಮೇಲೆ ಕೈಯಿಟ್ಟು ಛಲೋ ಆಗಲಿ ಎಂದು ಹರಸಿದೆ. ಮೊದಲ ಸಲದ ತಪ್ಪಿಗೆ ಹೆದರಿಕೆ ಎಂಬ ಹೆಸರಾದರೂ ಇತ್ತು. ಈ ಸಲದ್ದಕ್ಕೆ ಏನೆನ್ನಲಿ — ಹೆಸರಿಲ್ಲ.

ಮನೆಗೆ ಬಂದವಳೇ ಅವತ್ತಿನ ಎಕ್ಸ್‌ಟರ್ನಲ್ ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ಬಹಳ ವರ್ಷವಾಗಿದೆ, ದನಿ ನಡುಗುತ್ತದೆ. ಎಲ್ಲ ಹೇಳಿದೆ. ಆಮೇಲೆ ಕೇಳಿದರು. “ಆ ಹುಡುಗಿಗೆ ಹೇಳಿದ್ರೇನು?”

“ಇನ್ನೂ ಇಲ್ರೀ ಸರ್.”

“ಮತ್ತ ನನಗ್ಯಾಕ ಮೊದಲ ಹೇಳಾಕತ್ತೀರಿ?” ಎಂದು ಫೋನ್ ಇಟ್ಟರು.

ಸರಿಯಾಗಿಯೇ ಕೇಳಿದರು. ನಿನಗೆ ಹೇಳುವ ಹೆದರಿಕೆಗೆ ಅವರ ಹತ್ತಿರ ಹೇಳಿ ಹಗುರಾಗಲು ನೋಡಿದ್ದೆ. ಆ ಅಂಕವನ್ನು ಈಗ ಯಾರೂ ತಿದ್ದಿ ಕೊಡುವುದಿಲ್ಲ ಎಂದು ನನಗೆ ಗೊತ್ತು. ಎಂ.ಎ. ಮಾಡುವ ನಿನ್ನ ವಯಸ್ಸನ್ನು ನಾನು ತಿರುಗಿ ಕೊಡಲಾರೆ. ಆದರೆ ಅದಕ್ಕಿಂತ ದೊಡ್ಡದನ್ನು ನಾನು ಕಿತ್ತುಕೊಂಡಿದ್ದೇನೆ. ಕಿವಿಯಾರೆ ಕೇಳಿದ್ದನ್ನು ಕೇಳಿದೆ ಎನ್ನುವ ಧೈರ್ಯ, ಕಣ್ಣಾರೆ ಕಂಡದ್ದನ್ನು ಕಂಡೆ ಎನ್ನುವ ಧೈರ್ಯ — ಅದನ್ನು ಒಂದು ಮೆತ್ತನೆಯ ಮಾತಿನಿಂದ ಕಿತ್ತುಕೊಂಡೆ. ಮೊನ್ನೆ ಮರಳಿ ಕೊಡುವ ಅವಕಾಶ ಬಂದಾಗಲೂ ಕೊಡಲಿಲ್ಲ.

ಈ ಭಾನುವಾರ ಲೋಂಡಾಕ್ಕೆ ಬರುತ್ತಿದ್ದೇನೆ. ಇದನ್ನು ನಿನ್ನ ಕೈಗೆ ಕೊಟ್ಟು ಹೋಗುವುದಿಲ್ಲ. ನಿನ್ನ ಮನೆಯವರನ್ನು, ನಿನ್ನ ಅತ್ತೆಯನ್ನು ಕೂರಿಸಿ, ಅವರ ಎದುರು ನಾನೇ ಓದುತ್ತೇನೆ. ಓದುವಾಗ ದನಿ ನಡುಗುತ್ತದೆ, ಈಗಿನಿಂದಲೇ ಹೆದರಿಕೆಯಾಗುತ್ತಿದೆ. ನಡುಗಿದರೆ ನಡುಗಲಿ. ನೀನು ನನ್ನನ್ನು ಕ್ಷಮಿಸಬೇಡ. ಒಳಗೆ ಬರಬೇಡಿ ಎಂದರೆ ಹೊಸ್ತಿಲಲ್ಲೇ ನಿಂತು ಓದುತ್ತೇನೆ. ನೀನು ಮೊನ್ನೆ ಕೇಳಿದ ಮಾಫಿ ನನ್ನ ಹತ್ತಿರ ಇದೆ, ಅದು ನನ್ನದಲ್ಲ, ಅದನ್ನು ತಿರುಗಿ ಕೊಡಬೇಕು.

ನೀನು ಸುಳ್ಳು ಹೇಳಿರಲಿಲ್ಲ, ವೈಶಾಲಿ. ಮನಸ್ಸಿನಲ್ಲಿ ಏನೂ ಹುಟ್ಟಿಸಿಕೊಂಡಿರಲಿಲ್ಲ. ನಿನ್ನ ತಲೆ ಸರಿಯಾಗಿದೆ, ಅವತ್ತೂ ಸರಿಯಾಗಿತ್ತು. ಸುಳ್ಳು ಹೇಳಿದವಳು ನಾನು.